ದೀಪ ಹಚ್ಚಲು ಕರೆದಿದ್ದೆ

"ಯಾವ ಪಾರ್ಟು?"

ನಾನು ಬಾಯಿ ಬಿಡುವ ಮೊದಲೇ ಅವರು ಕೇಳಿದರು. ಚನ್ನಪಟ್ಟಣದಲ್ಲಿ ನಮ್ಮ ತಂಡ ಆಡಲಿದ್ದ ಪೌರಾಣಿಕ ನಾಟಕಕ್ಕೆ ಕರೆಯಲು ವಿರೂಪಾಕ್ಷಿಪುರದ ಆ ಹಿರಿಯ ಕಲಾವಿದರ ಮನೆಗೆ ಹೋಗಿದ್ದೆ. ನಮ್ಮ ಕಡೆ ದುರ್ಯೋಧನ ಎಂದರೆ ಅವರೇ. ಎರಡು ವರ್ಷದ ಹಿಂದೆ ಅವರಿಗೆ ರಾಜ್ಯಮಟ್ಟದ ದೊಡ್ಡ ಪ್ರಶಸ್ತಿ ಬಂದಿತ್ತು.

"ಪಾರ್ಟಲ್ಲ ಸಾರ್, ಉದ್ಘಾಟನೆ. ಪ್ರಶಸ್ತಿ ಬಂದೋರ್ನ ಪಾರ್ಟ್ ಮಾಡಿ ಅಂತ ಹೆಂಗ್ ಕೇಳೋದು?" ಎಂದು ಆಮಂತ್ರಣ ಪತ್ರಿಕೆ ಕೊಟ್ಟೆ. ಗೌರವ ಕೊಡುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ.

"ಅದು ಬಂದಾಗ್ನಿಂದ ಎಲ್ರೂ ದೀಪ ಹಚ್ಚೋಕೇ ಕರೀತಾರೆ. ಬಣ್ಣ ಹಚ್ಚೋಕೆ ಒಬ್ರೂ ಕರ್ದಿಲ್ಲ ಕಣಪ್ಪ," ಎಂದರು. ಆಮೇಲೆ ಪತ್ರಿಕೆಯಲ್ಲಿದ್ದ ಪಾತ್ರಧಾರಿಗಳ ಪಟ್ಟಿಯ ಮೇಲೆ ಬೆರಳಾಡಿಸಿದರು. ದುರ್ಯೋಧನನ ಎದುರಿಗೆ ನನ್ನ ಹೆಸರಿತ್ತು. ಬೆರಳು ಅಲ್ಲೇ ಒಸಿ ನಿಂತಿತು. ಬರುತ್ತೇನೆ ಎಂದರು.

ನಾಟಕದ ದಿನ ಬೆಳಗ್ಗೆ ಬಂದು ದೀಪ ಹಚ್ಚಿದರು, ಶಾಲು ಹೊದ್ದರು. ಅಲ್ಲಿಂದ ನೇರ ಬಣ್ಣದ ಕೋಣೆಗೆ ಬಂದು, ಸಡಿಲವಾಗಿದ್ದ ನನ್ನ ಕಿರೀಟದ ದಾರವನ್ನು ಗದ್ದದ ಕೆಳಗೆ ಬಿಗಿಯಾಗಿ ಕಟ್ಟಿದರು. ನನ್ನ ಕೆನ್ನೆಯ ಬಣ್ಣ ಅವರ ಬೆರಳಿಗೆ ಹತ್ತಿತು. ಒರೆಸಿಕೊಳ್ಳಲು ಬಟ್ಟೆ ಕೊಟ್ಟೆ. ಬೇಡವೆಂದು ಹಾಗೇ ಹೋಗಿ ಮುಂದಿನ ಸಾಲಿನಲ್ಲಿ ಕುಳಿತರು.