ನೀರಿನ ತಿರುವಿನ ಹುಡುಗಿ

ಜೀವಮಾನವೆಲ್ಲ ಬಸ್ಸು ಓಡಿಸಿದವನ ಕೈಗೆ ಪುಟ್ಟ ಕಾರು ಕೊಟ್ಟರೆ ಏನಾಗುತ್ತದೆ ಎಂದು ನೋಡಬೇಕಿದ್ದರೆ ಅಂದು ಬೆಳಿಗ್ಗೆ ಆ ಬೆಟ್ಟದ ರಸ್ತೆಯಲ್ಲಿ ನಿಂತಿರಬೇಕಿತ್ತು. ಮೂಕಣ್ಣ ಪ್ರತಿ ತಿರುವಿನಲ್ಲೂ, ಬೆನ್ನ ಹಿಂದೆ ಐವತ್ತು ಜನ ಕೂತಿದ್ದಾರೇನೋ ಎಂಬಂತೆ, ರಸ್ತೆಯ ಆಚೆ ಅಂಚಿನವರೆಗೂ ಹೋಗಿ ಅಗಲವಾಗಿ ತಿರುಗಿಸುತ್ತಿದ್ದ. ಎದುರಿಗೆ ಬಂದ ಹಾಲಿನ ವ್ಯಾನಿನವನು ಬ್ರೇಕ್ ಒತ್ತಿ, ಕತ್ತು ಹೊರಗೆ ಹಾಕಿ ಬಾಯಿಗೆ ಬಂದಂತೆ ಬೈದ. ಪಕ್ಕದಲ್ಲಿ ಕೂತ ಹೆಂಡತಿ ಮಡಿಲಲ್ಲಿದ್ದ ಬಟ್ಟೆಯ ಗಂಟನ್ನು ಗಟ್ಟಿ ಹಿಡಿದುಕೊಂಡು, ಬಸ್ಸು ಡಿಪೋದಲ್ಲೇ ಇದೆ, ನೆನಪಿರಲಿ ಎಂದಳು. ಬೇರೆ ದಿನವಾಗಿದ್ದರೆ ಅವನು ನಗುತ್ತಿದ್ದ. ಇವತ್ತು ಅವನ ಎದೆಯಲ್ಲಿ ಕಲ್ಲು ಕೂತಿತ್ತು.

ಮೂಕಣ್ಣ ಎಂಬುದು ಡಿಪೋದವರು ಇಟ್ಟ ಹೆಸರು. ಸೀಟಿನಲ್ಲಿ ಕೂತನೆಂದರೆ ಬಾಯಿಗೆ ಬೀಗ. ಕಂಡಕ್ಟರ್ ಸೀಟಿ ಊದಿದರೆ ಹೊರಟ, ಊದಿದರೆ ನಿಂತ, ಅಷ್ಟೇ ವ್ಯವಹಾರ. ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯವರೆಗೆ ಒಂದೇ ಮಾರ್ಗ: ಕೆಳಗಿನ ಪಟ್ಟಣದಿಂದ ಕಣಿವೆಯ ಹಳ್ಳಿಗಳನ್ನು ದಾಟಿ ಮೇಲಿನ ಕೊನೆಯ ಹಳ್ಳಿಗೆ, ಅಲ್ಲೇ ರಾತ್ರಿ ತಂಗಿ ಮರುದಿನ ವಾಪಸ್ಸು. ಪ್ರವಾಸಕ್ಕೆ ಬಂದವರು ಕಿಟಕಿಗೆ ಮೂಗೊತ್ತಿ ಆಹಾ ಓಹೋ ಎನ್ನುತ್ತಿದ್ದರೆ, ಅವನಿಗೆ ಕಾಣುತ್ತಿದ್ದದ್ದು ಎಲ್ಲಿ ಮಣ್ಣು ಕುಸಿಯುತ್ತದೆ, ಎಲ್ಲಿ ಎರಡನೇ ಗೇರು ಬೇಕು ಎಂಬುದಷ್ಟೇ. ಬೆಟ್ಟದ ಚೆಲುವು ನೋಡುವ ಡ್ರೈವರನನ್ನು ಕಣಿವೆಯಲ್ಲಿ ಹುಡುಕಬೇಕು ಎಂದು ಕೆಲಸ ಕಲಿಸಿದ ಹಿರಿಯ ಡ್ರೈವರ್ ಹೇಳಿಕೊಟ್ಟಿದ್ದ.

ಹೆಂಡತಿ ಮಕ್ಕಳ ಬಟ್ಟೆ ಹೊಲಿಯುವವಳು. ಬಸ್ಸಿನ ಹೊಗೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಅವಳಿಗೆ ಹೊಟ್ಟೆ ತೊಳಸಿ ವಾಂತಿಯಾಗುತ್ತಿತ್ತು. ಬಸ್ ಡ್ರೈವರನ ಹೆಂಡತಿ ಬಸ್ಸು ಹತ್ತಿದವಳಲ್ಲ ಎಂದು ನೆರೆಮನೆಯವರು ಹಾಸ್ಯ ಮಾಡುತ್ತಿದ್ದರು. ಹಾಗಾಗಿ ಗಂಡ ದಿನ ಬಿಟ್ಟು ದಿನ ಹೋಗಿಬರುವ ಊರುಗಳನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ.

ಅವರಿಗೆ ಒಬ್ಬಳೇ ಮಗಳಿದ್ದಳು. ನಾಲ್ಕು ತುಂಬಿದಾಗ ಜ್ವರ ಬಂದು ಹೋಗಿಬಿಟ್ಟಳು. ಅವನು ಮೇಲಿನ ಹಳ್ಳಿಯಿಂದ ಇಳಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಹೆಂಡತಿ ಮಾತು ಬಿಟ್ಟಳು. ಹೊಲಿಗೆ ಯಂತ್ರದ ಮೇಲೆ ದುಪ್ಪಟಿ ಹೊದಿಸಿ, ಗೋಡೆಗೆ ಮುಖ ಮಾಡಿ ಮಲಗಿದಳು. ಅತ್ತಿಗೆ ಬಂದು ತಲೆ ಬಾಚಿದರೂ ಇಲ್ಲ, ಅಣ್ಣ ಬಂದು ಗದರಿದರೂ ಇಲ್ಲ. ಮಗಳ ಹಿಂದೆ ಇವಳೂ ಹೋಗುತ್ತಾಳೆ ಎಂದು ಮೂಕಣ್ಣ ನಂಬಿಯೇಬಿಟ್ಟಿದ್ದ.

ಒಂದು ಸಂಜೆ, ಏನಾದರೂ ಮಾತಾಡಬೇಕಲ್ಲ ಎಂದು, ಅವಳ ಬೆನ್ನಿಗೆ ಹೇಳಿದ. ನೀರಿನ ತಿರುವು ಅಂತ ಒಂದಿದೆ, ಬಂಡೆಯಿಂದ ನೀರು ಜಿನುಗುತ್ತದೆ, ಇಂಜಿನ್ನಿಗೆ ನೀರು ತುಂಬಲು ನಿಲ್ಲಿಸುತ್ತೇವೆ. ಇವತ್ತು ಅಲ್ಲಿನ ಮೋಟುಗೋಡೆಯ ಮೇಲೆ ಪುಟ್ಟ ಹುಡುಗಿಯೊಬ್ಬಳು ನಿಂತು ಬಸ್ಸಿಗೆ ಕೈ ಬೀಸಿದಳು. ಇದು ನಿಜವೇ ಆಗಿತ್ತು. ಮುಂದಿನ ಸಲ ಹೋದಾಗ ಗೋಡೆ ಖಾಲಿ. ಆದರೆ ಮನೆಗೆ ಬಂದಾಗ ಹೆಂಡತಿ ಈಚೆಗೆ ಹೊರಳಿ, ಇವತ್ತೂ ಇದ್ದಳಾ ಎಂದು ಕೇಳಿದಳು. ಅಷ್ಟು ದಿನಗಳ ಮೇಲೆ ಅವಳಾಡಿದ ಮೊದಲ ಮಾತು ಅದು. ಯಾವ ಗಂಡ ತಾನೇ ಇಲ್ಲ ಎನ್ನುತ್ತಾನೆ? ಇದ್ದಳು ಎಂದ. ಅಂದು ರಾತ್ರಿ ಅವಳು ಎರಡು ತುತ್ತು ಉಂಡಳು.

ಒಂದು ಸುಳ್ಳಿಗೆ ನೂರು ಸುಳ್ಳಿನ ಆಸರೆ ಬೇಕು. ಡಿಪೋದ ಮೂಕಣ್ಣ ಮನೆಯಲ್ಲಿ ವಾಚಾಳಿಯಾದ. ಹುಡುಗಿಯ ಹಲ್ಲು ಬಿತ್ತು, ಶಾಲೆಗೆ ಸೇರಿದಳು, ಹಾಡು ಹೇಳಿ ಬಹುಮಾನ ತಂದಳು, ಲೆಕ್ಕದಲ್ಲಿ ಮಾತ್ರ ಸೊನ್ನೆ. ಹೆಂಡತಿ ಯಂತ್ರದ ದುಪ್ಪಟಿ ತೆಗೆದು ವರ್ಷಕ್ಕೊಂದು ಫ್ರಾಕು ಹೊಲಿದು ಕಳಿಸಿದಳು. ಅವನು ಅದನ್ನು ಬಸ್ಸಿನಲ್ಲಿ ಅಷ್ಟೇ ವಯಸ್ಸಿನ ಹುಡುಗಿಯನ್ನು ಕರೆದುಕೊಂಡು ಬಂದ ಯಾರೋ ತಾಯಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದ. ತಮ್ಮ ಮಗಳಿದ್ದಿದ್ದರೆ ಎಷ್ಟು ವಯಸ್ಸಾಗುತ್ತಿತ್ತೋ ಆ ಹುಡುಗಿಗೂ ಅಷ್ಟೇ ವಯಸ್ಸಾಗುತ್ತಿತ್ತು. ಅದನ್ನು ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ.

ನಿವೃತ್ತಿ ಹತ್ತಿರವಾದಾಗ, ಕಥೆಯನ್ನೂ ಮುಗಿಸೋಣ ಎಂದು ಹುಡುಗಿಯನ್ನು ಬೆಟ್ಟದಾಚೆಯ ಊರಿಗೆ ಮದುವೆ ಮಾಡಿ ಕಳಿಸಿದ. ಹೆಂಡತಿ ಹುಡುಗ ಹೇಗಿದ್ದಾನೆ ಎಂದಳು. ಆಮೇಲೆ ಏನಾದರೂ ವಿಶೇಷವೇ ಎಂದಳು. ಬೇರೆ ದಾರಿ ತೋಚದೆ ಹೆಣ್ಣು ಮಗುವನ್ನೂ ಹುಟ್ಟಿಸಿದ, ಬಾಣಂತನಕ್ಕೆ ನೀರಿನ ತಿರುವಿನ ತವರಿಗೇ ಬಂದಿದ್ದಾಳೆ ಎಂದೂ ಸೇರಿಸಿದ. ಅಲ್ಲೇ ಎಡವಿದ್ದು. ಅವಳು ತಮ್ಮನ ಕಾರು ಕೇಳಿ ತರಿಸಿ, ಅಂಗೈಯಗಲದ ಬಟ್ಟೆಗಳನ್ನು ಹೊಲಿದು ಗಂಟು ಕಟ್ಟಿ, ಕಾರಿನಲ್ಲಾದರೆ ಹೊಗೆ ಇಲ್ಲ, ಮಗುವನ್ನು ನೋಡಿಕೊಂಡು ಬರೋಣ ಎಂದು ಹೊರಟು ನಿಂತಳು.

ದಾರಿಯುದ್ದಕ್ಕೂ ಅವಳು ಎಲ್ಲವನ್ನೂ ಕಣ್ಣಲ್ಲಿ ತುಂಬಿಕೊಳ್ಳುತ್ತಿದ್ದಳು. ಕಿಟಕಿಗಳ ಕೆಳಗೆ ಒಟ್ಟಿದ ಸೌದೆ, ಗೇಟಿಗೆ ಹಸಿರು ಬಣ್ಣ ಬಳಿಯುತ್ತಿದ್ದ ಮುದುಕ, ಇಳಿಜಾರಿನಲ್ಲಿ ಮೇಯುವ ಕುರಿಗಳು, ಕೆಳಗೆಲ್ಲೋ ನದಿ. ಇಷ್ಟು ಚೆಲುವಾದ ದಾರಿ ಎಂದು ಒಂದು ದಿನವೂ ಹೇಳಲಿಲ್ಲವಲ್ಲ ಎಂದು ಆಕ್ಷೇಪಿಸಿದಳು. ಅವನು ಹ್ಞೂಂಗುಟ್ಟಿದ. ಮನೆಗೆ ಬೀಗ ಹಾಕಿದೆ, ಊರು ಬಿಟ್ಟಿದ್ದಾರಂತೆ ಎಂದು ಹೇಳುವುದೆಂದು ಅವನು ನಿಶ್ಚಯಿಸಿಕೊಂಡಿದ್ದ. ನಿಜ ತಿಳಿದರೆ ಅವಳು ಮತ್ತೆ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಾಳೆ ಎಂಬ ಒಂದೇ ಭಯ. ಈ ವಯಸ್ಸಿನಲ್ಲಿ ಅವಳನ್ನು ಈಚೆಗೆ ಹೊರಳಿಸಲು ಅವನಲ್ಲಿ ಇನ್ನೊಂದು ಕಥೆ ಇರಲಿಲ್ಲ.

ನೀರಿನ ತಿರುವಿನಲ್ಲಿ ಕಾರು ನಿಂತಿತು. ಅವನು ಬಾಯಿ ತೆರೆಯುವ ಮೊದಲೇ ಅವಳು ಇಳಿದು ಎದುರಿನ ಪುಟ್ಟ ಅಂಗಡಿಗೆ ಹೋಗಿಬಿಟ್ಟಿದ್ದಳು. ಬಸ್ಸಿಗೆ ಕೈ ಬೀಸುತ್ತಿದ್ದ ಹುಡುಗಿಯ ಮನೆ ಯಾವುದು ಎಂದು ಕೇಳಿದಳು. ಅಂಗಡಿಯಾತನಿಗೆ ತಿಳಿಯಲಿಲ್ಲ. ಬಸ್ಸಿಗೆ ಕೈ ಬೀಸದ ಮಕ್ಕಳು ಯಾವ ಊರಲ್ಲಿದ್ದಾರಮ್ಮ ಎಂದು ನಕ್ಕ. ಅವಳು ಗುರುತು ಹೇಳಿದಳು: ಚೆನ್ನಾಗಿ ಹಾಡುತ್ತಾಳೆ, ಬೆಟ್ಟದಾಚೆ ಕೊಟ್ಟಿದ್ದಾರೆ, ಈಗ ಮಗುವಾಗಿದೆ. ಆತ ಗೊತ್ತಿಲ್ಲವೆಂದು ತಲೆಯಾಡಿಸುತ್ತಲೇ ಇದ್ದ. ಕೊನೆಗೆ ಅವಳು ಗಂಟು ಬಿಚ್ಚಿ, ಇದನ್ನು ಕೊಡಬೇಕಿತ್ತು ಎಂದು ಪುಟ್ಟ ಅಂಗಿಯೊಂದನ್ನು ಎತ್ತಿ ತೋರಿಸಿದಳು. ಮೂಕಣ್ಣನಿಂದ ಅದನ್ನು ನೋಡಲಾಗಲಿಲ್ಲ. ಹೋಗಿ ತೋಳು ಹಿಡಿದು ಅವಳನ್ನು ಮೋಟುಗೋಡೆಯ ಹತ್ತಿರ ಕರೆತಂದ.

"ಆ ಹುಡುಗಿ ಇಲ್ಲ ಕಣೇ. ಒಂದೇ ಒಂದು ದಿನ ಇದ್ದಳು. ಆಮೇಲಿನದೆಲ್ಲ ನಾನು ಕಟ್ಟಿ ಹೇಳಿದ್ದು."

"ಹಲ್ಲು ಬಿದ್ದಿದ್ದು?"

"ನಾನೇ ಹೇಳಿದ್ದು."

"ಹಾಡಿಗೆ ಬಹುಮಾನ ಬಂದಿದ್ದು?"

"ಅದೂ ಅಷ್ಟೇ."

ಅವಳು ಅಂಗಿಯನ್ನು ಮಡಿಸತೊಡಗಿದಳು. ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. "ಮನಸ್ಸಲ್ಲಿ ಯಾರ ಮುಖ ಇಟ್ಕೊಂಡು ಹೇಳ್ತಿದ್ರಿ?" ಎಂದಳು.

"ನಮ್ಮವಳದೇ. ಬೇರೆ ಮುಖ ನನಗೆಲ್ಲಿ ಗೊತ್ತು?"

ಅವಳು ಗೋಡೆಯ ಮೇಲೆ ಕೂತು ಕಣಿವೆಯ ಕಡೆ ಮುಖ ತಿರುಗಿಸಿದಳು. ಆ ಬೆನ್ನನ್ನು ಅವನು ಬಲ್ಲ. ಹಳೆಯ ದಿನಗಳೇ ತಿರುಗಿ ಬಂದವು ಎಂದುಕೊಂಡ. ಬಸ್ಸೊಂದು ಬಂದು ನೀರು ತುಂಬಿಸಿಕೊಂಡು ಹೋಯಿತು. ಹೊಗೆ ಅವಳ ಮುಖಕ್ಕೇ ಬಡಿದರೂ ಅವಳು ಅಲುಗಲಿಲ್ಲ.

"ಮದುವೆ ಮಾಡಿಬಿಟ್ರಿ," ಎಂದಳು. "ನನ್ನ ಒಂದು ಮಾತು ಕೇಳ್ಲಿಲ್ಲ."

ಮೂಕಣ್ಣ ರಸ್ತೆಯ ಬದಿಯಲ್ಲೇ ಕುಕ್ಕರಿಸಿ ಮಗುವಿನಂತೆ ಅತ್ತ. ಮಗಳು ಹೋದಾಗಲೂ ಅವನು ಹಾಗೆ ಅತ್ತಿರಲಿಲ್ಲ, ಅಳುವುದಕ್ಕೆ ಪುರುಸೊತ್ತಿರಲಿಲ್ಲ. ಅವಳೂ ಅತ್ತಳು. ಆಮೇಲೆ ಎದ್ದು, ಗಂಟು ಕಟ್ಟಿ, ಕಾರಿನಲ್ಲಿ ಕೂತು, ನಡೀರಿ ಎಂದಳು. ಅವನು ಕಾರನ್ನು ಮನೆಯ ಕಡೆಗೆ ತಿರುಗಿಸಲು ಹೋದಾಗ ಅವನ ಕೈ ಹಿಡಿದು ತಡೆದಳು.

"ಬೆಟ್ಟದಾಚೆ ಅಂದಿದ್ರಲ್ಲ?"

"ಆ ದಾರಿ ನಾನು ಕಂಡಿಲ್ಲ."

"ಕೇಳ್ಕೊಂಡು ಹೋಗೋಣ. ಹೆಣ್ಣು ಕೊಟ್ಟ ಊರನ್ನ ಒಂದ್ಸಲನಾದ್ರೂ ನೋಡ್ಬೇಡ್ವಾ ನಾವು?"