ಗುರುಪಾದಪ್ಪ ಕಾಕಾ ಅವರ ಕಿಸೆ ರಿವಾಲ್ವರುಗಳು

ಗುರುಪಾದಪ್ಪ ಕಾಕಾ ಅವರ ಕೋಟಿನ ಬಲಗಿಸೆ ಯಾವಾಗಲೂ ಜೋತುಬಿದ್ದಿರುತ್ತಿತ್ತು. ಅದರೊಳಗೆ ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಪುಟ್ಟ ರಿವಾಲ್ವರ್. ಇರುವೆಯನ್ನೂ ದಾಟಿ ನಡೆಯುವ ಮನುಷ್ಯ. ಆದರೆ ಯಾರಾದರೂ ಎಲೆಯಡಿಕೆ ಕೇಳಿದರೆ ಮೊದಲು ಹೊರಬರುತ್ತಿದ್ದುದು ರಿವಾಲ್ವರ್, ಆಮೇಲೆ ಚಂಚಿ. ಗೊತ್ತಿಲ್ಲದವರು ಅಡಿಕೆಯ ಆಸೆ ಬಿಟ್ಟು ಎದ್ದುಹೋಗುತ್ತಿದ್ದರು.

ಆಗಿನ್ನೂ ಬರೀ ಕಲ್ಯಾಣ ಎನ್ನಿಸಿಕೊಂಡಿದ್ದ ಬಸವಕಲ್ಯಾಣದಲ್ಲಿ, ಅವರ ಮನೆಯ ಮುಂದಿನ ಖೋಲಿಯಲ್ಲಿ ನಾನು ಬಾಡಿಗೆಗಿದ್ದೆ. ಕಾಕಾ ಅವರ ಹೊಲ ಮೋರಖಂಡಿಯಲ್ಲಿ, ಮನಸ್ಸು ಹಳೆಯ ಹವೇಲಿಗಳ ಅಟ್ಟದಲ್ಲಿ. ಹವೇಲಿಯ ಸಾಮಾನು ಮಾರಾಟಕ್ಕೆ ಬಂದಾಗ ಜನ ಹಂಡೆ, ಮಂಚ ನೋಡಿದರೆ ಇವರು ಹಿಂದಿನ ಶತಮಾನದ ವಿಲಾಯತಿ ಕಿಸೆ ರಿವಾಲ್ವರ್ ಹುಡುಕುತ್ತಿದ್ದರು. ಹೀಗೆ ಐದು ಕೂಡಿದ್ದವು. ಎಲ್ಲವೂ ಅಂಗೈಯಲ್ಲಿ ಅಡಗುವಂಥವು, ಮೈತುಂಬ ಹೂಬಳ್ಳಿಯ ಕೆತ್ತನೆ. ಸಾಗವಾನಿ ಪೆಟ್ಟಿಗೆ ಮಾಡಿಸಿ, ಒಂದೊಂದಕ್ಕೂ ಅದರದೇ ಆಕಾರದ ಗೂಡು ಕೊರೆಸಿ ಮಖಮಲ್ ಹಾಸಿದ್ದರು. ಗುಂಡಿನ ತೋಟಾ ಮಾತ್ರ ಮನೆಯಲ್ಲಿ ಒಂದೂ ಇರಲಿಲ್ಲ. "ಗುಂಡ ಹಾರಿಸಿದ್ರ ಬಳ್ಳಿಗಿ ಮಸಿ ಹಿಡೀತದರಿ," ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಹಿತ್ತಲಿನಲ್ಲಿ ಕಳ್ಳನೊಬ್ಬ ಸಿಕ್ಕಿಬಿದ್ದ. ಕಾಕಾ ರಿವಾಲ್ವರ್ ತೆಗೆದರು, ಅವನು ಕೈಯೆತ್ತಿದ. "ಅಂಜಬ್ಯಾಡೋ, ಬಿಸಲಿಗಿ ಬಾ. ಈ ಎಲಿ ನೋಡು, ನರ ಸುದ್ದಾ ಕೆತ್ಯಾರ," ಎಂದು ಐದನ್ನೂ ತೋರಿಸಿದರು. ಅವನು "ಭಾಳ ನಾಜೂಕ ಅವರಿ" ಎಂದು ತಲೆದೂಗಿ, ಹೋಗುವಾಗ ತಾಮ್ರದ ಕೊಡ ಒಯ್ದ. ಅವರ ಹೆಂಡತಿ ಕಾಕು ಬೈದರೆ ಕಾಕಾ, "ಕಳ್ಳ ಆದ್ರೂ ಕೆತ್ತನಿ ಕದರ್ ತಿಳಿದಂವ," ಎಂದರು.

ಗಂಡಹೆಂಡಿರ ನಿಜವಾದ ಜಗಳ ಖಂಡೇನವಮಿಯದು. ಆಯುಧಪೂಜೆಯ ದಿನ ಕಾಕು ಐದಕ್ಕೂ ದಪ್ಪಗೆ ಕುಂಕುಮ ಮೆತ್ತುತ್ತಿದ್ದರು. ಅದು ಬಳ್ಳಿಯ ಸಂದುಗೊಂದಿಗೆಲ್ಲ ಇಳಿಯುತ್ತಿತ್ತು. ದೀಪಾವಳಿಯವರೆಗೆ ಕಾಕಾ ಕಸಬರಿಗೆಯ ಕಡ್ಡಿಯಿಂದ ಅದನ್ನು ಕೆರೆಯುತ್ತ, ಗೊಣಗುತ್ತ ಕೂರುತ್ತಿದ್ದರು.

ನಿಜಾಮಶಾಹಿ ಮುಗಿದ ವರ್ಷ, ಮನೆಯಲ್ಲಿರುವ ಹತ್ಯಾರಗಳನ್ನೆಲ್ಲ ತಂದೊಪ್ಪಿಸಬೇಕೆಂದು ಡಂಗುರ ಸಾರಿದರು. ಕಾಕಾ ಅವರ ಮುಖ ಸಪ್ಪಗಾಯಿತು. "ಆಟಿಗಿ ಸಾಮಾನು ಅಂತ ಹೇಳ್ರಿ, ಬಿಡ್ತಾರ," ಎಂದು ಕಾಕು ಹೇಳಿಕೊಟ್ಟರು. ಒಪ್ಪಿಸಲು ಹುಮನಾಬಾದಿನ ಕಚೇರಿಗೆ ಹೋಗುವ ದಾರಿಯುದ್ದಕ್ಕೂ ಕಾಕಾ ಆ ಮಾತನ್ನೇ ಬಾಯಿಪಾಠ ಮಾಡಿದರು. ಜೊತೆಗೆ ನಾನಿದ್ದೆ.

ಅಲ್ಲಿ ಅದರ ಅಗತ್ಯವೇ ಬೀಳಲಿಲ್ಲ. ಧಾರವಾಡ ಕಡೆಯ ಅಧಿಕಾರಿ ಪೆಟ್ಟಿಗೆ ತೆರೆದು ನಕ್ಕರು. "ಇವೇನ್ರೀ ಯಜಮಾನ್ರ, ಹುಡುಗರ ಆಟಿಗಿ. ತಗೊಂಡು ಹೋಗ್ರಿ."

ನನಗೆ ಹೋದ ಜೀವ ಬಂದಂತಾಯಿತು. ಹೊಸ್ತಿಲವರೆಗೆ ಬಂದ ಕಾಕಾ ಗಕ್ಕನೆ ನಿಂತರು. ನಾನು ತೋಳು ಜಗ್ಗಿದರೂ ಕೇಳದೆ ಹಿಂದಿರುಗಿದರು.

"ಸಾಹೇಬ್ರ, ಆಟಿಗಿ ಅನಬ್ಯಾಡ್ರಿ. ನಮ್ಮಜ್ಜನ ವಾರಿಗಿಯವು ಅವ. ಸಣ್ಣವು ಖರೆ, ಆದ್ರ ತೋಟಾ ಹಾಕಿದ್ರ ಜೀವಾ ತೆಗೀತಾವ."

"ಹಂಗಾದ್ರ ಇಲ್ಲೇ ಇಡ್ರಿ," ಎಂದರು ಅಧಿಕಾರಿ. ಖಾಲಿ ಪೆಟ್ಟಿಗೆ ಹೊತ್ತು ನಾವು ಮರಳಿದೆವು.

ಸ್ವಲ್ಪ ದಿನಕ್ಕೇ ಖಂಡೇನವಮಿ ಬಂತು. ಕಾಕಾ ಆ ಪೆಟ್ಟಿಗೆಯನ್ನೇ ದೇವರ ಜಗುಲಿಯ ಮೇಲಿಟ್ಟು ಮುಚ್ಚಳ ತೆರೆದರು. ಕಾಕು ಸುಮ್ಮನಿರಲಿಲ್ಲ. "ಆಟಿಗಿ ಅಂದ ಮಾತು ನುಂಗಿಕೊಂಡಿದ್ರ ಇವತ್ತ ಮನ್ಯಾಗ ಇರ್ತಿದ್ವು."

"ಇರ್ತಿದ್ವು," ಎಂದರು ಕಾಕಾ. "ಆದ್ರ ಆಟಿಗಿಗೆ ಯಾರರ ಪೂಜಿ ಮಾಡ್ತಾರೇನು?"

ಕಾಕು ಐದೂ ಗೂಡುಗಳಿಗೆ ಕುಂಕುಮ ಹಚ್ಚಿದರು.

ಮರುವರ್ಷದ ಹಬ್ಬಕ್ಕೆ ಕಾಕಾ ಇರಲಿಲ್ಲ. ಕಾಕು ಒಬ್ಬರೇ ಪೆಟ್ಟಿಗೆ ತೆರೆದು ಪೂಜೆ ಮಾಡಿದರು. ದೀಪಾವಳಿ ಬಂದು ಹೋಯಿತು. ಮಖಮಲ್ಲಿನ ಮೇಲೆ ಕುಂಕುಮ ಹಾಗೇ ಇತ್ತು.