ಹುಲ್ಲಿನಾಚೆಯ ಬೋಟುಗಳು

ಆ ಮೆಷಿನ್ ಈಗ ನಮ್ಮ ಅಡುಗೆಮನೆಯ ಬಾಗಿಲ ಹಿಂದೆ, ಕೊಡೆಗಳ ಪಕ್ಕ, ಒಂಟಿಕಾಲಿನ ಕೊಕ್ಕರೆಯ ಹಾಗೆ ನಿಂತಿದೆ. ಹುಲ್ಲು ಹೊಡೆಯುವ ಮೆಷಿನ್. ಕತ್ತಿಯ ಬದಲು ನೈಲಾನ್ ದಾರ ಗರಗರ ತಿರುಗಿ ಹುಲ್ಲು ಕತ್ತರಿಸುತ್ತದೆ. ನನ್ನ ಜೀವಮಾನದಲ್ಲಿ ನಾನೇ ಆರಿಸಿ ಕೊಂಡ ಯಂತ್ರ ಅದೊಂದೇ. ಮಿಕ್ಸಿ ರಿಟೈರ್ಮೆಂಟ್ ದಿನ ಸ್ಕೂಲಿನವರು ಕೊಟ್ಟದ್ದು, ಟೀವಿ ಭಾವನ ಕಾಲದ್ದು. ಇದನ್ನು ಮಾತ್ರ ಕನ್ನಡಕ ಹಾಕಿಕೊಂಡು, ಸ್ಪೆಸಿಫಿಕೇಶನ್ ಓದಿ, ಯೋಚಿಸಿ ತಂದೆ.

ತಂದದ್ದು ಅಕ್ಕನಿಗಾಗಿ.

ನಾವಿಬ್ಬರು ಮೀನು ವ್ಯಾಪಾರದ ಮನೆಯ ಹೆಣ್ಣುಮಕ್ಕಳು. ಅಮ್ಮನ ಬುಟ್ಟಿಗೆ ಇನ್ನೊಂದು ತಲೆ ಬೇಕಿತ್ತು, ಅಕ್ಕ ಹೋದಳು. ಒಂದಾದರೂ ಫ್ಯಾನಿನ ಕೆಳಗೆ ಕೂತು ದುಡಿಯಲಿ ಎಂದು ಅಪ್ಪ ನನ್ನನ್ನು ಕಾನ್ವೆಂಟಿಗೆ ಹಾಕಿದರು. ಸಿಸ್ಟರ್‌ಗಳು ನನಗೆ ಕರ್ಸಿವ್ ರೈಟಿಂಗ್ ಕಲಿಸಿದರು, ಚಮಚದಲ್ಲಿ ಸದ್ದಾಗದಂತೆ ಸೂಪ್ ಕುಡಿಯುವುದನ್ನು ಕಲಿಸಿದರು, ಲಾನ್ ಎಂದರೇನು ಎಂದು ತೋರಿಸಿದರು. ಅವರ ಅಂಗಳದಲ್ಲಿ ನಿಜವಾಗಿಯೂ ಒಂದು ಲಾನ್ ಇತ್ತು, ಮಳೆಗಾಲದಲ್ಲೂ ಪಾದದ ಗಂಟು ಮುಟ್ಟದ ಹುಲ್ಲು. ನಾನು ಅದರ ಅಂಚಿನಲ್ಲಿ ಬಿಳಿ ಸಾಕ್ಸ್ ಹಾಕಿ ನಿಂತಿರುವಾಗ ಅಕ್ಕ ಬುಟ್ಟಿ ಹೊತ್ತು ಗೇಟಿನ ಎದುರಿನಿಂದ ಹೋಗುತ್ತಿದ್ದಳು. ಒಮ್ಮೆಯೂ ನನ್ನ ಕಡೆ ತಿರುಗಿ ನೋಡಿದವಳಲ್ಲ. ನನಗೆ ಮುಜುಗರ ಆಗಬಾರದೆಂದು.

ಈ ಹಂಚಿನ ಮನೆ ಅವಳ ದುಡಿಮೆಯದ್ದು. ಭಾವ ತೀರಿಕೊಂಡ ಮೇಲೆ, ಬ್ರಹ್ಮಾವರದ ಸ್ಕೂಲಿನಿಂದ ರಿಟೈರ್ ಆಗಿ ನಾನೂ ಇಲ್ಲಿಗೇ ಬಂದೆ. ಹಿತ್ತಲು ಹೊಳೆಯ ಕಡೆಗೆ ಇಳಿಯುತ್ತದೆ. ಎರಡೂ ಬದಿಗೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಹಿಂಡು. ಕೊನೆಯಲ್ಲಿ ಮೊಣಕಾಲೆತ್ತರದ ಕೆಂಪು ಮುರಕಲ್ಲಿನ ಗೋಡೆ, ಗೋಡೆಯಾಚೆ ನೀರು, ನೀರಿನಾಚೆ ಗಂಗೊಳ್ಳಿಯ ಬೋಟುಗಳು. ಅಕ್ಕ ದಿನಾ ಬೆಳಿಗ್ಗೆ ಚಾ ಲೋಟ ಹಿಡಿದು ಆ ಗೋಡೆಯ ಹತ್ತಿರ ಹೋಗಿ ನಿಲ್ಲುವಳು.

"ಕಾಣ್, ಆ ನೀಲಿ ಬೋಟ್ ಮೀನಿನ ಭಾರಕ್ಕೆ ತಗ್ಗಿ ಬತ್ತಾ ಇತ್ತ್. ಇವತ್ತ್ ಬಂಗುಡಿ ಅಗ್ಗ."

"ನಿಂಗೆಂತಕೆ ಅದೆಲ್ಲ? ವ್ಯಾಪಾರ ಬಿಟ್ಟ್ ಎಷ್ಟ್ ಕಾಲ ಆಯ್ತ್!"

"ನೀ ರಿಟೈರ್ ಆದ್ಮೇಲೂ ಪೇಪರಂಗೆ ತಪ್ಪ್ ಹುಡ್ಕ್ತಿಲ್ಯಾ? ಹಾಂಗೇ ಇದ್."

ಅವಳಿಗೆ ಗ್ಲಾಕೋಮಾ. ಬದಿಯ ನೋಟ ಮೊದಲು ಹೋಯಿತು. ಬಾಗಿಲ ಚೌಕಟ್ಟಿಗೆ ಭುಜ ಬಡಿಯುತ್ತಿದ್ದಾಗ ನಾವು ವಯಸ್ಸು ಎಂದುಕೊಂಡೆವು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎರಡೂ ಕಣ್ಣಿಗೂ ನಟ್ಟನಡುವಿನ ಸಣ್ಣ ಕಿಂಡಿಯಷ್ಟು ನೋಟ ಮಾತ್ರ ಉಳಿದಿತ್ತು. ಡಾಕ್ಟರು ನನ್ನ ಹತ್ತಿರ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು: ಹೋದದ್ದು ಬರುವುದಿಲ್ಲ, ಇರುವುದೂ ಹೆಚ್ಚು ಕಾಲ ನಿಲ್ಲಲಿಕ್ಕಿಲ್ಲ, ಡ್ರಾಪ್ಸ್ ಹಾಕುತ್ತಾ ಇರಿ. ಬಸ್ಸಿನಲ್ಲಿ ಅಕ್ಕ ಕೇಳಿದಳು, "ಎಂತ ಅಂದ್ರ್?" ನಾನು ಹೇಳಿದೆ. ಇಂಗ್ಲಿಷಿನಲ್ಲಿ ಸೌಮ್ಯವಾಗಿದ್ದ ಮಾತು ನಮ್ಮ ಭಾಷೆಗೆ ಬರುವಾಗ ಅಷ್ಟು ಸೌಮ್ಯವಾಗಿ ಉಳಿಯಲಿಲ್ಲ. ಅವಳು ಕಿಟಕಿಯ ಕಡೆ ತಿರುಗಿದಳು. ಹೊರಗೆ ನೋಡುತ್ತಲೇ, "ಈ ಸಲ ಬೋಟ್ ಕಡ್ಲಿಗೆ ಇಳೂದ್ ಒಂದ್ ಕಾಣ್ಕ್ ನಂಗೆ. ಬಪ್ಪ ವರ್ಷದ್ದ್ ಕೇಂತಿಲ್ಲೆ" ಎಂದಳು.

ನಮ್ಮ ಕಡೆ ಮಳೆಗಾಲದ ಎರಡು ತಿಂಗಳು ಮೀನು ಹಿಡಿಯುವಂತಿಲ್ಲ, ಬೋಟುಗಳು ದಡಕ್ಕೆ ಕಟ್ಟಿಕೊಂಡೇ ಇರುತ್ತವೆ. ಆಮೇಲೆ ಒಂದು ಬೆಳಿಗ್ಗೆ ಹೂ ಕಟ್ಟಿಸಿಕೊಂಡು, ಹಾರ್ನ್ ಹೊಡೆಯುತ್ತಾ, ಸಾಲಾಗಿ, ಹೊಳೆ ಕಡಲು ಸೇರುವ ಅಳಿವೆಯ ಕಡೆ ಹೊರಡುತ್ತವೆ. ನಮಗೆ ಅದೇ ಹಬ್ಬ; ಅಕ್ಕ ಹುಟ್ಟಿದಾಗಿನಿಂದ ಆ ದಿನ ತಪ್ಪಿಸಿದವಳಲ್ಲ. ರಸ್ತೆಯ ಮೇಲೆ ಬಂದರದ ಕಡೆ ಕರೆದುಕೊಂಡು ಹೋಗುತ್ತೇನೆ ಎಂದೆ. ಅವಳು ಒಪ್ಪಲಿಲ್ಲ. "ಕೈ ಹಿಡ್ಕಂಡ್ ತಡವರಿಸ್ತಾ ಹೋಪ್ದ್ ಎಲ್ರೂ ಕಾಂಬ್ದ್ ಬ್ಯಾಡ. ಅಲ್ಲಿಪ್ಪರೆಲ್ಲ ನಾ ಬುಟ್ಟಿ ಹೊತ್ಕಂಡ್ ನಡ್ದದ್ದ್ ಕಂಡರ್. ನಂಗೆ ನನ್ನ ಗೋಡೆ ಸಾಕ್."

ಆದರೆ ಗೋಡೆಗೆ ದಾರಿ ಇರಲಿಲ್ಲ. ಜೂನಿನ ಮಳೆ ಬಿದ್ದದ್ದೇ ಹಿತ್ತಲಲ್ಲಿ ಹುಲ್ಲು ಸೊಂಟ ಮೀರಿತು. ಕಾನ್ವೆಂಟಿನ ಲಾನಿನ ಸಂಬಂಧಿಕನೂ ಅಲ್ಲ ಇದು. ಒರಟು ಹುಲ್ಲು, ನಡುನಡುವೆ ಮುಟ್ಟಿದರೆ ಮುನಿ, ಯಾವುದೋ ಬಳ್ಳಿ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ವಿಷದ ಕನ್ನಡಿ ಹಾವಿನ ಪೊರೆ ಸಿಕ್ಕಿದ ದಿನ ನಾನು ಹಿಂಬಾಗಿಲಿಗೆ ಅಗುಳಿ ಹಾಕಿದೆ. ಕಿಂಡಿಯಷ್ಟು ಕಣ್ಣಿರುವವಳು ಕಾಲ ಬುಡ ಹೇಗೆ ನೋಡಿಕೊಳ್ಳಬೇಕು? ಮೆಷಿನ್ ಹಿಡಿದು ಹುಲ್ಲು ಹೊಡೆಯುವವರಿಗೆ ಫೋನ್ ಮಾಡಿದೆ. ಒಬ್ಬ ಅಮಾಸೆಬೈಲಿನ ತೋಟಗಳಲ್ಲಿದ್ದ, ಇನ್ನೊಬ್ಬ ಬೈಂದೂರಿನ ಕಡೆ. ಇಬ್ಬರದೂ ಒಂದೇ ಉತ್ತರ, ಮಳೆ ಬಿಟ್ಟ ಮೇಲೆ. ಕತ್ತಿ ಹಿಡಿದು ನಾನೇ ಕೂತೆ. ನನ್ನ ಬಲ ಭುಜ ಬೋರ್ಡಿನಲ್ಲಿ ಬರೆದೂ ಬರೆದೂ ಸವೆದದ್ದು. ಹಿತ್ತಲಿನ ತುಳಸಿಕಟ್ಟೆ ದಾಟುವುದರೊಳಗೆ ಕೈ ಮೇಲೇಳದಾಯಿತು.

ಹಾಗೆ ನಾನು ಕುಂದಾಪುರದ ಅಂಗಡಿಗೆ ಹೋದದ್ದು. ಅಂಗಡಿಯವನು ನನ್ನ ಹಳೇ ಸ್ಟೂಡೆಂಟ್. ಎಲ್ಲ ಮೆಷಿನುಗಳನ್ನೂ ಇಳಿಸಿ ಸಾಲಾಗಿ ನಿಲ್ಲಿಸಿದ. ಪೆಟ್ರೋಲಿನದ್ದು ಗಟ್ಟಿ, ಆದರೆ ಹೆಗಲಿಗೆ ಹಾಕಿಕೊಂಡಾಗಲೇ ನಾನು ಮುಂದಕ್ಕೆ ವಾಲಿದೆ, ಹಗ್ಗ ಎಳೆದು ಸ್ಟಾರ್ಟ್ ಮಾಡುವುದು ನನ್ನ ಭುಜಕ್ಕೆ ಆಗದ ಮಾತು. ವಯರಿನದ್ದು ಅಗ್ಗ, ಹಗುರ. ಆದರೆ ಒದ್ದೆ ಹುಲ್ಲಿನಲ್ಲಿ ಕರೆಂಟಿನ ವಯರ್ ಎಳೆದುಕೊಂಡು ಹೋಗಲು ನನಗೆ ಧೈರ್ಯ ಸಾಲದು. ಬ್ಯಾಟರಿಯದ್ದರಲ್ಲಿ ಎರಡು ಬಗೆ. ಒಳ್ಳೆಯದು ನನ್ನ ಪೆನ್ಷನಿಗೆ ಎಟುಕದ್ದು. ಉಳಿದದ್ದು ಇದು. ಪೊರಕೆಗಿಂತ ಸ್ವಲ್ಪ ಭಾರ, ಉದ್ದ ಹೆಚ್ಚುಕಡಿಮೆ ಮಾಡಬಹುದು, ಸದ್ದು ಮಿಕ್ಸಿಯಷ್ಟೇ.

ನಾನು ಪ್ರತಿಯೊಂದರ ಪುಸ್ತಿಕೆಯನ್ನೂ ಬಿಡಿಸಿ ಓದುತ್ತಿದ್ದೆ. ಅವನು ನಕ್ಕ. "ಟೀಚರೇ, ಪರೀಕ್ಷೆ ಪೇಪರ್ ತಿದ್ದಿದಂಗೆ ಕಾಂತ್ರಿಯಲೆ. ಎಲ್ಲದಕ್ಕೂ ಮಾರ್ಕ್ ಕೊಡ್ತ್ರಿಯಾ?"

"ಇದಕ್ಕೆ ಪಾಸ್ ಮಾರ್ಕ್ ಕೊಡ್ಲಕ್ಕಾ?"

"ಜಸ್ಟ್ ಪಾಸ್, ನನ್ನಂಗೆ. ದಪ್ಪ ಹುಲ್ಲಿಗೆ ಆತಿಲ್ಲೆ, ಮೊದ್ಲೇ ಹೇಳ್ತೆ. ಮೆಷಿನ್ ಒಟ್ಟಿಗೆ ಬಪ್ಪ ದಾರ ಸ್ವಲ್ಪವೇ ಇತ್ತ್. ಬೇರೆ ದಾರ ಈಗ ಸ್ಟಾಕ್ ಇಲ್ಲೆ, ಬಂದ್ ಕೂಡ್ಲೆ ಫೋನ್ ಮಾಡ್ತೆ."

ಮನೆಗೆ ತಂದು ಜೋಡಿಸುವಾಗ ಅಕ್ಕ ಅದನ್ನು ತುದಿಯಿಂದ ತುದಿಗೆ ಸವರಿದಳು. "ಇಷ್ಟ್ ಸಪುರದ್ದಾ? ಗಾಳಿ ಬಂದ್ರೆ ಹಾರಿ ಹೋತ್ತ್ ಮಾರಾಯ್ತಿ. ನಿನ್ನ ಕಾಲೇಜ್ ಓದಿಗೆ ಇದೊಂದ್ ಸಿಕ್ಕಿತಾ?"

ಆದರೂ ಅದು ಕತ್ತರಿಸಿತು. ಮಳೆ ಬಿಡುವು ಕೊಟ್ಟ ಬೆಳಿಗ್ಗೆಗಳಲ್ಲಿ ನಾನು ಗಮ್‌ಬೂಟ್ ಹಾಕಿ ಇಳಿದೆ. ಬ್ಯಾಟರಿ ಬಲುಬೇಗ ಮುಗಿಯುವುದು, ಮತ್ತೆ ಚಾರ್ಜಿಗೆ ಇಡುವುದು, ಕರೆಂಟ್ ಹೋಗುವುದು, ಕಾಯುವುದು. ಅಕ್ಕ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಆ ಸದ್ದು ಕೇಳುತ್ತಿದ್ದಳು. ಚಾಪೆ ಹಾಸಿದ ಹಾಗೆ ದಾರಿ ಸ್ವಲ್ಪ ಸ್ವಲ್ಪ ಬಿಚ್ಚಿಕೊಂಡಿತು. ಮಾವಿನ ಗಿಡದವರೆಗೆ ಬಂದೆ. ಅಲ್ಲಿಗೆ ಅರ್ಧ. ಅಲ್ಲಿಯೇ ಹುಲ್ಲಿನೊಳಗೆ ಅಡಗಿದ್ದ ಮುರಕಲ್ಲುಗಳಿಗೆ ಬಡಿದು ಬಡಿದು ದಾರ ಪೂರ್ತಿ ಮುಗಿಯಿತು.

ಅಂಗಡಿಗೆ ಫೋನ್ ಮಾಡಿದೆ. "ಇನ್ನೂ ಬರ್ಲಿಲ್ಲೆ ಟೀಚರೇ." ಆನ್‌ಲೈನಿನಲ್ಲಿ ಆರ್ಡರ್ ಮಾಡಿದೆ. ಅದು ದಾರಿಯಲ್ಲಿದೆ, ದಾರಿಯಲ್ಲಿದೆ ಎಂದು ಮೊಬೈಲ್ ಹೇಳುತ್ತಲೇ ಇತ್ತು. ಅತ್ತ ಗಂಗೊಳ್ಳಿಯಲ್ಲಿ ಬೋಟುಗಳಿಗೆ ಬಣ್ಣ ಬಳಿಯುವುದು, ಎಂಜಿನ್ ಓಡಿಸಿ ನೋಡುವುದು ಶುರುವಾಗಿತ್ತು. ಎಂಜಿನ್ನಿನ ಸದ್ದು ನೀರಿನ ಮೇಲಿಂದ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಅಕ್ಕ ಆ ಸದ್ದಿಗೆ ಉಣ್ಣುವುದನ್ನು ನಿಲ್ಲಿಸಿ ಕೂರುವಳು.

ಒಂದು ಮಧ್ಯಾಹ್ನ ಅವಳು ಮಂಚದ ಕೆಳಗಿನ ಪೆಟ್ಟಿಗೆ ಎಳೆಸಿದಳು. ಭಾವನ ಬಲೆಯ ತುಂಡು, ಸೀಸದ ಗುಂಡು, ಗಾಳಗಳ ಡಬ್ಬಿ, ಅಡಿಯಲ್ಲಿ ಒಂದು ಸುತ್ತು ತಂಗೂಸು. ಗಾಳಕ್ಕೆ ಕಟ್ಟುವ ನೈಲಾನ್ ದಾರಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ.

"ಇದ್ ಅದೇ ಅಲ್ದಾ? ಮುಟ್ಟಿ ಕಾಣ್."

ಮುಟ್ಟಿದೆ. ಅದೇ ನುಣುಪು, ಸ್ವಲ್ಪ ತೆಳು. "ಸೈಜ್ ಬೇರೆ ಅಕ್ಕ. ಪುಸ್ತಕದಂಗೆ ಇಂಥದ್ದೇ ಸೈಜ್ ಬೇಕ್ ಅಂದೇಳಿ ಬರ್ದಿತ್ತ್..."

"ಪುಸ್ತಕ! ಅಷ್ಟ್ ದೊಡ್ಡ ಅಂಜಲ್ ಮೀನ್ ಎಳ್ದ್ ತಂದ ತಂಗೂಸ್ ಇದ್. ಹುಲ್ಲಿಗೆ ಸೋಲತ್ತಾ? ಕೊಡ್ ಇಲ್ಲಿ."

ನಾನೂ ನಂಬಿದೆ. ನಾನೂ ಅದೇ ಮನೆಯಲ್ಲಿ ಹುಟ್ಟಿದವಳು, ತಂಗೂಸಿನಲ್ಲಿ ಹುಲಿಯನ್ನೂ ಕಟ್ಟಬಹುದು ಎಂದು ಕೇಳಿ ಬೆಳೆದವಳು. ಅವಳು ಕಣ್ಣು ಮುಚ್ಚಿ, ಬೆರಳಲ್ಲೇ, ಮೆಷಿನಿನ ದಾರ ಸುತ್ತುವ ಗಾಲಿಗೆ ಬಿಗಿಯಾಗಿ ಸುತ್ತಿ ಗಂಟು ಹಾಕಿದಳು. ಎಷ್ಟೋ ಕಾಲದ ನಂತರ ಅವಳ ಮುಖದಲ್ಲಿ ಕೆಲಸ ಮಾಡುವವರ ಗತ್ತು ಬಂತು. ತೆಳುವಾಯಿತೆಂದು ಎರಡು ಎಳೆ ಸೇರಿಸಿದಳು.

ಮೊದಲಿಗೆ ಚೆನ್ನಾಗಿಯೇ ಹೋಯಿತು. ಮಾವಿನ ಗಿಡದಾಚೆಯ ಹುಲ್ಲು ಸರಸರ ಮಲಗಿತು. ನಾನು ತಿರುಗಿ ಕೂಗಿದೆ, "ಹ್ವಾಯ್, ಹೋತಾ ಇತ್ತ್!" ಅವಳು ಮೆಟ್ಟಿಲ ಮೇಲಿಂದ, "ನಾ ಹೇಳ್ಲಿಲ್ಯಾ!" ಎಂದಳು. ಆಮೇಲೆ ಸದ್ದು ಬದಲಾಯಿತು. ಮಿಕ್ಸಿಯಲ್ಲಿ ಒಣ ತೆಂಗಿನಚೂರು ಸಿಕ್ಕಿಕೊಂಡ ಹಾಗೆ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಬಟನ್ ಬಿಟ್ಟು ನೋಡಿದರೆ ತಂಗೂಸಿನ ಎರಡೂ ಎಳೆ ಒಳಗೇ ಕರಗಿ, ಅಂಟಿಕೊಂಡು, ಗಾಲಿಯ ದಂಡಕ್ಕೆ ಸುತ್ತಿ, ಬೆಲ್ಲದ ಪಾಕದ ಮುದ್ದೆಯಾಗಿತ್ತು. ಬಟನ್ ಒತ್ತಿದರೆ ಹೂಂ ಎಂದೂ ಅನ್ನಲಿಲ್ಲ.

ಅಂಗಡಿಯವನು ಮೆಷಿನಿನ ಮುಚ್ಚಳ ಬಿಚ್ಚುವ ಮೊದಲೇ ನನ್ನ ಮುಖ ನೋಡಿದ. "ತಂಗೂಸ್ ಹಾಕಿದ್ರಿ ಅಲ್ದಾ?"

ನಾನು ಪುಸ್ತಿಕೆಯನ್ನು ಕೌಂಟರಿನ ಮೇಲಿಟ್ಟೆ.

"ಸಾಲಿಗ್ರಾಮದಿಂದ ಆಚೆ, ಗದ್ದೆ ಬದಿಯರ್ ಯಾರೂ ಹೀಂಗ್ ಮಾಡ್ತಿಲ್ಲೆ. ಕಡ್ಲ್ ಬದಿಯರ್ ಮಾತ್ರ. ಮನಿಯಂಗೆ ತಂಗೂಸ್ ಇದ್ರೆ ನಿಮ್ಗೆಲ್ಲ ಕೈ ಸುಮ್ನೆ ಕೂಕಂತಿಲ್ಲೆ. ತೆಳು ಅಲ್ದಾ, ಬಿಸಿಗೆ ಅದ್ ಕರಗತ್ತ್ ಟೀಚರೇ. ಮೋಟ್ರ್ ಹೋಯ್ತ್." ಆಮೇಲೆ ದನಿ ತಗ್ಗಿಸಿದ. "ಕಂಪೆನಿಗೆ ಕಳ್ಸ್ತೆ. ಆದ್ರೆ ಹಬ್ಬದೊಳ್ಗೆ ಬತ್ತ್ ಅಂದೇಳಿ ಹೇಳೂಕಾತಿಲ್ಲೆ."

ಬರಲಿಲ್ಲ.

ಬೋಟು ಇಳಿಯುವ ಬೆಳಿಗ್ಗೆ ಅಕ್ಕ ಸ್ನಾನ ಮಾಡಿ, ಮಡಿಸಿಟ್ಟ ಸೀರೆ ಉಟ್ಟು, ಅಗುಳಿ ತೆಗೆಯಲು ಹೇಳಿದಳು. ದಾರಿ ಅರ್ಧವೇ ಇದೆ ಎಂದೆ. "ಗೊತ್ತಿತ್ತ್. ಅರ್ಧದವರೆಗೆ ಹೋಪ." ಕತ್ತರಿಸಿದ ಹುಲ್ಲಿನ ಮೇಲೆ ಒಬ್ಬರ ಹಿಂದೆ ಒಬ್ಬರು ಹೋದೆವು, ನಾನು ಮುಂದೆ ಕೋಲು ಬಡಿಯುತ್ತಾ. ಮಾವಿನ ಗಿಡ ದಾಟಿ ದಾರಿ ನಿಂತಿತು. ಎದುರಿಗೆ ಅವಳ ತಲೆ ಮಟ್ಟದ ಹುಲ್ಲು, ತೆನೆ ಬಿಟ್ಟು ಬಾಗಿದ್ದು. ಅದರಾಚೆ ಕೊನೆಗೆ ಗೋಡೆ. ಗೋಡೆಯ ಹಿಂದೆ ಹಾರ್ನ್‌ಗಳು, ಪಟಾಕಿ, ಎಂಜಿನ್, ಗಂಡಸರ ಕೂಗು. ಹಿಮ್ಮಡಿ ಎತ್ತಿ ನಿಂತರೆ ನನಗೆ ಧ್ವಜದ ತುದಿಗಳು ಜಾರಿಹೋಗುವುದು ಕಾಣುತ್ತಿತ್ತು. ಅವಳ ಕಿಂಡಿಯೊಳಗೆ ಏನಿತ್ತೋ. ಹುಲ್ಲೇ ಇದ್ದಿರಬೇಕು.

ನಾನು ಹುಲ್ಲನ್ನು ಎರಡೂ ಕೈಯಲ್ಲಿ ಬಗೆದು ಹಿಡಿದೆ. ಅದು ಒದ್ದೆ, ಭಾರ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆಯಿಂದ ಬೀಳುತ್ತಿತ್ತು. "ಈಗ ಕಾಂತಾ? ಅಕ್ಕ, ಈಗ?"

"ಬಿಡ್," ಎಂದಳು. "ಕೈ ಕೊಯ್ಕಂಬೆ."

ಸದ್ದು ಅಳಿವೆ ದಾಟುವವರೆಗೆ ಅಲ್ಲಿಯೇ ನಿಂತಿದ್ದಳು.

ಮೆಷಿನ್ ರಿಪೇರಿಯಾಗಿ ಬಂದದ್ದು ಚೌತಿ ಕಳೆದ ಮೇಲೆ. ಆನ್‌ಲೈನಿನ ದಾರವೂ ಅಷ್ಟು ಹೊತ್ತಿಗೆ ಬಂದಿತ್ತು. ಈ ಸಲ ಸರಿಯಾದ ದಾರ, ಸರಿಯಾದ ಸೈಜು, ಗೋಡೆಯವರೆಗೂ ಕತ್ತರಿಸಿದೆ. ಗೋಡೆಯ ಬುಡದ ಪಾಚಿಯನ್ನೂ ಬಿಡಲಿಲ್ಲ. ಹೊಳೆ ಅಗಲಕ್ಕೆ ಬಿಚ್ಚಿಕೊಂಡಿತು. ಸಿಸ್ಟರ್‌ಗಳು ನೋಡಿದ್ದರೆ ಗುಡ್ ಎನ್ನುತ್ತಿದ್ದರು.

ಅಕ್ಕನ ಕೈ ಹಿಡಿದು ಕರೆತಂದೆ. ಅವಳು ಗೋಡೆಯನ್ನು ಮುಟ್ಟಿ ಗುರುತು ಹಿಡಿದಳು, ಸರಿಯಾಗಿ ತನ್ನ ಜಾಗದಲ್ಲೇ ನಿಂತಳು. ಬಿಸಿಲು ಮುಖದ ಮೇಲೆ ಬಿತ್ತು, ಅವಳು ಕಣ್ಣು ಕಿರಿದು ಮಾಡಲಿಲ್ಲ. ಒಂದು ಬೋಟು ನಮ್ಮೆದುರೇ ಹತ್ತಿರದಿಂದ ಹೋಯಿತು. ಅವಳ ಮುಖ ಅದರ ಜೊತೆ ತಿರುಗಲಿಲ್ಲ.

ಅವಳೇ ಹೇಳಿದಳು. "ಹೊಗಿ ಹೊಗಿ. ಮುಂಚಿ ಕಿಂಡಿ ಇತ್ತಲೆ, ಅದೂ ಇಲ್ಲೆ."

"ಯಾವಾಗಿಂದ?"

"ಬೋಟ್ ಹಬ್ಬಕ್ಕೆ ಇತ್ತ್. ಆಮೇಲೆ ಯಾವತ್ತೋ. ನಿನ್ನ ಮೆಷಿನ್ ಬಪ್ಪುಕೆ ಮುಂಚೆ."

"ಹೇಳ್ಲಿಲ್ಲೆ ಎಂತಕೆ?"

"ಹೇಳಿರೆ ನೀ ಎಂತ ಮಾಡ್ತಿದ್ದೆ? ಆ ಪುಸ್ತಕ ಓದ್ತಿದ್ದೆ."

ಇಬ್ಬರೂ ನಗುವುದಕ್ಕೆ ಹೊರಟೆವು, ನಗು ಬರಲಿಲ್ಲ. ಅವಳು ಬಗ್ಗಿ, ಈಗಷ್ಟೇ ಕತ್ತರಿಸಿದ ಹುಲ್ಲಿನ ಬುಡವನ್ನು ಅಂಗೈಯಿಂದ ಸವರಿದಳು. ಗಡ್ಡ ಬೋಳಿಸಿದ ಮುಖ ಮುಟ್ಟಿದ ಹಾಗೆ. ಆಮೇಲೆ ಕೈ ಸೀರೆಗೆ ಒರೆಸಿಕೊಂಡು ಮನೆಯ ಕಡೆ ತಿರುಗಿದಳು.

"ಲಾಯ್ಕ್ ಕೊಯ್ದಿದ್ದೆ. ಇನ್ನ್ ಕೊಯ್ಯೂದ್ ಬ್ಯಾಡ, ಸುಮ್ನೆ ಕರೆಂಟ್ ಖರ್ಚ್."

ಹಿಂಬಾಗಿಲಿನ ಅಗುಳಿ ಅಂದು ಅವಳೇ ಹಾಕಿದಳು.

ಈ ವರ್ಷದ ಮಳೆಗೆ ಹುಲ್ಲು ಮತ್ತೆ ಮೇಲೆದ್ದಿದೆ. ತುಳಸಿಕಟ್ಟೆ ಮುಚ್ಚಿದೆ, ಮಾವಿನ ಗಿಡದ ಬುಡ ಮುಚ್ಚಿದೆ, ಗೋಡೆ ಎಲ್ಲಿ ಎಂದು ಅಂದಾಜಿನಲ್ಲಿ ಹೇಳಬೇಕು. ಬಳಸದೆ ಬಿಟ್ಟರೆ ಬ್ಯಾಟರಿ ಹಾಳಾಗುತ್ತದೆ ಎಂದು ಪುಸ್ತಿಕೆಯಲ್ಲಿದೆ, ಆದ್ದರಿಂದ ಆಗಾಗ ಚಾರ್ಜಿಗೆ ಇಡುತ್ತೇನೆ. ತುಂಬಿದಾಗ ಸಣ್ಣ ಹಸಿರು ದೀಪ ಉರಿಯುತ್ತದೆ. ನಾನು ವಯರ್ ತೆಗೆದು, ಮೆಷಿನನ್ನು ಕೊಡೆಗಳ ಪಕ್ಕ ನಿಲ್ಲಿಸುತ್ತೇನೆ; ನೆಲಕ್ಕೆ ತಾಗಿ ಅದು ಟಕ್ ಎನ್ನುತ್ತದೆ. ಒಳಗಿನಿಂದ ಅಕ್ಕ ಕೇಳುತ್ತಾಳೆ, "ಎಂತ ಅದ್ ಸದ್ದ್?"

"ಎಂತದೂ ಇಲ್ಲೆ," ಎನ್ನುತ್ತೇನೆ.